ಶೇಕಡ ಎಂಬತ್ತಾರು

"'ಇವರು ವಾರಕ್ಕೊಮ್ಮೆ ಮಾತ್ರ ಸ್ನಾನ ಮಾಡುತ್ತಾರೆ.' ಕೇಳಿತಾ ಏ ಕೆಂಚ? ವಾರಕ್ಕೊಂದ್ಸಲ ಅಂತೆ. ಅದ್ಕೇ ಮಾರಾಯ ನಾನು ಗಾಳಿ ಯಾವ ಕಡೆಯಿಂದ ಬರ್ತದೆ ಅಂತ ನೋಡಿ ನಿಲ್ಲೋದು."

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಂದೀಶ್ ಮೊಬೈಲನ್ನು ಮುಖದ ಹತ್ತಿರ ಹಿಡಿದು ಓದುತ್ತಿದ್ದ. ಬೆಳಗಿನ ಹಾಜರಿಗೆ ನಾವು ಕಾಫಿ ಕಣದ ಅಂಚಿನಲ್ಲಿ ಸಾಲಾಗಿ ನಿಂತಿದ್ದೆವು. ಜನವರಿಯ ಚಳಿ. ಹೆಂಗಸರು ಗಂಡಸರ ಹಳೆಯ ಶರ್ಟುಗಳನ್ನು ಸೀರೆಯ ಮೇಲೆ ಹಾಕಿಕೊಂಡಿದ್ದರು. ಪಿಕ್ಕಿಂಗ್ ಜೋರಾಗಿದ್ದ ಸಮಯ, ಕಾಲೇಜಿಗೆ ಸೆಮಿಸ್ಟರ್ ರಜೆ ಇತ್ತು ಅಂತ ನಾನೂ ಅವ್ವನ ಜೊತೆ ಬಂದಿದ್ದೆ.

"ಇನ್ನೂ ಉಂಟು, ಇನ್ನೂ ಉಂಟು. 'ದುಡಿಮೆಯಲ್ಲಿ ಆಸಕ್ತಿ ಕಡಿಮೆ. ಸಿಕ್ಕಿದ್ದನ್ನು ಅಂದೇ ಖರ್ಚು ಮಾಡುತ್ತಾರೆ. ನಾಳೆಯ ಚಿಂತೆ ಇಲ್ಲ.' ಇದು ನಾನು ಹೇಳಿದ್ದಲ್ಲ. ನಾನು ಹೇಳಿದ್ರೆ ಜಾತಿ ಕೇಸ್ ಹಾಕ್ತೀರಿ. ಇದು ಯೂನಿವರ್ಸಿಟಿ ಹೇಳಿದ್ದು. ಹಾಕಿ ನೋಡುವ ಯೂನಿವರ್ಸಿಟಿ ಮೇಲೆ ಕೇಸು."

ಮೇಸ್ತ್ರಿ ನಕ್ಕ. ಅಸ್ಸಾಮಿನಿಂದ ಕೆಲಸಕ್ಕೆ ಬಂದವರು ಒಂದಕ್ಷರ ಅರ್ಥವಾಗದಿದ್ದರೂ ನಕ್ಕರು. ನಮ್ಮವರೂ ನಕ್ಕರು. ಬೈದರೆ ನಗುವುದು ನಮ್ಮ ಕೂಲಿಮನೆಗಳ ಲೈನಿನ ಹಳೆಯ ಅಭ್ಯಾಸ. ನಕ್ಕರೆ ಬೈಗುಳ ಬೇಗ ಮುಗಿಯುತ್ತದೆ.

ಕೆಂಚ ದೊಡ್ಡಪ್ಪ ಮಾತ್ರ ನಗಲಿಲ್ಲ. "ಯಾರು ರೈಟ್ರೇ ಅದನ್ನ ಬರ್ದದ್ದು?"

"ಯಾರೋ ಓದಿದವ್ರು. ಹೆಸರಿಲ್ಲ. ನಮ್ಮ ಎಸ್ಟೇಟಿನ ಹೆಸರು ಉಂಟು, ಮೇಲಿನ ಲೈನು ಅಂತಲೂ ಉಂಟು. 'ಖುದ್ದಾಗಿ ಭೇಟಿ ನೀಡಿ ಮಾಹಿತಿ ಸಂಗ್ರಹಿಸಲಾಗಿದೆ' ಅಂತೆ."

"ಯಾವಾಗ ಬಂದ್ರು? ನಾವು ನೋಡ್ಲಿಲ್ಲ."

"ನೀವು ಹೇಗೆ ನೋಡೋದು? ಕುಡಿದು ಬಿದ್ದಿರ್ತೀರಲ್ಲ!"

ಮತ್ತೊಮ್ಮೆ ನಗು. ಅವ್ವ ನನ್ನ ಕಡೆ ವಾಲಿ ನಮ್ಮ ಎರವ ಮಾತಿನಲ್ಲಿ ಮೆಲ್ಲಗೆ ಶಾಪ ಹಾಕಿದಳು. ಬರೆದವನ ಕೈಗೆ ಹುಳ ಬೀಳಲಿ ಅಂದಳು. ಆ ಕೈ ಅವಳ ಪಕ್ಕದಲ್ಲೇ ಚೀಲ ಹಿಡಿದುಕೊಂಡು ನಿಂತಿತ್ತು. ನಾನು ಅದನ್ನು ಶರ್ಟಿನ ತೋಳಿನೊಳಗೆ ಎಳೆದುಕೊಂಡೆ.

ನಂದೀಶ್ ಇದನ್ನು ಬರೀ ತಮಾಷೆಗೆ ಓದಿರಲಿಲ್ಲ. ಕುಯ್ಲು ಮುಗಿದ ಮೇಲೆ ಮೇಲಿನ ಲೈನನ್ನು ಒಡೆದು ಅಲ್ಲಿ ಹೋಂಸ್ಟೇ ಕಟ್ಟುತ್ತಾರೆ ಎಂಬುದು ತೋಟಕ್ಕೆಲ್ಲ ಗೊತ್ತಿದ್ದ ಸುದ್ದಿ. ನಾವು ಹದಿನಾಲ್ಕು ಮನೆಯವರು ತೋಟದ ಕೆಳಗಿನ ಪೈಸಾರಿ ಜಾಗದಲ್ಲಿ ನಿವೇಶನ ಕೊಡಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿ ಎರಡು ವರ್ಷವಾಗಿತ್ತು. ಅದು ಸರ್ಕಾರಿ ಜಾಗವಾದರೂ ತೋಟದ ಸಾವ್ಕಾರರ ಕಾಳುಮೆಣಸಿನ ಬಳ್ಳಿ ಆಗಲೇ ಅಲ್ಲಿಗೆ ಇಳಿದುಬಿಟ್ಟಿತ್ತು. ಶುಕ್ರವಾರ ಆಫೀಸರ್ ಬಂದು ಸ್ಥಳ ನೋಡುವವರಿದ್ದರು. ಸಾವ್ಕಾರರು ಕೊಟ್ಟ ತಕರಾರು ಅರ್ಜಿಯ ಜೊತೆ ಈ ವರದಿಯನ್ನೂ ಪ್ರಿಂಟ್ ತೆಗೆದು ಲಗತ್ತಿಸಿದ್ದಾರೆ ಎಂದು ನಂದೀಶನೇ ಹೇಳಿದ. ಹೇಳುವಾಗ ಒಂದು ಸಾಲನ್ನು ಎರಡು ಸಲ ಓದಿದ.

"'ಶೇಕಡ ಎಂಬತ್ತಾರು ಕುಟುಂಬಗಳಿಗೆ ಸ್ವಂತ ಮನೆ ಹೊಂದುವ ಆಸಕ್ತಿ ಇಲ್ಲ.' ಆಯ್ತಲ್ಲ? ಆಸಕ್ತಿ ಇಲ್ಲದವ್ರಿಗೆ ಜಾಗ ಎಂತಕ್ಕೆ? ನಡೀರಿ, ನಡೀರಿ, ಬಿಸಿಲು ಬಂತು."

ಅದು ನನ್ನ ವರದಿ. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಐದನೇ ಸೆಮಿಸ್ಟರಿನಲ್ಲಿ ನಾನು, ಮುದ್ದಿಯ ಮಗಳು ಪವಿತ್ರಾ, ಐವತ್ತು ಅಂಕಗಳಿಗಾಗಿ ಒಪ್ಪಿಸಿದ ಪ್ರಾಜೆಕ್ಟು.

ವಿರಾಜಪೇಟೆಯ ಕಾಲೇಜಿನಲ್ಲಿ ನಾನು ಎಲ್ಲಿಯವಳು ಎಂದು ಯಾರಿಗೂ ಗೊತ್ತಿರಲಿಲ್ಲ. ಮನೆ ಎಲ್ಲಿ ಎಂದರೆ ಸಿದ್ದಾಪುರ ಅನ್ನುತ್ತಿದ್ದೆ. ಮನೆಯವರು ಎಂತ ಮಾಡುತ್ತಾರೆ ಎಂದರೆ ಎಸ್ಟೇಟ್ ಅನ್ನುತ್ತಿದ್ದೆ. ಎಸ್ಟೇಟ್ ಇರುವವರೋ, ಎಸ್ಟೇಟಿನಲ್ಲಿ ಗುಂಡಿ ತೆಗೆಯುವವರೋ, ಕೇಳಿದವರು ತಮಗೆ ಬೇಕಾದ ಹಾಗೆ ತಿಳಿದುಕೊಳ್ಳಲಿ. ಸ್ಕಾಲರ್‌ಶಿಪ್ ಫಾರ್ಮನ್ನು ಎಲ್ಲರೂ ಊಟಕ್ಕೆ ಹೋದ ಮೇಲೆ ಆಫೀಸಿಗೆ ಕೊಡುತ್ತಿದ್ದೆ. ಬಸ್ಸಿಳಿದು ಲೈನಿನ ಕಡೆ ತಿರುಗುವ ಮೊದಲು ಒಮ್ಮೆ ಹಿಂದೆ ನೋಡಿಕೊಳ್ಳುತ್ತಿದ್ದೆ. ಎರಡೂವರೆ ವರ್ಷ ಹೀಗೇ ನಡೆಯಿತು. ಇದನ್ನು ಜಾಣತನ ಎಂದುಕೊಂಡಿದ್ದೆ.

ಸಮಾಜಶಾಸ್ತ್ರದ ತೀರ್ಥಪ್ರಸಾದ್ ಸಾರ್ ಚೀಟಿ ಎತ್ತಿಸಿ ವಿಷಯ ಹಂಚಿದರು. ನನ್ನ ಚೀಟಿಯಲ್ಲಿ 'ಲೈನ್‌ಮನೆಗಳ ಎರವರ ಸ್ಥಿತಿಗತಿ' ಎಂದಿತ್ತು. "ಅಯ್ಯೋ ಪಾಪ, ಮಾಸ್ಕ್ ಹಾಕ್ಕೊಂಡು ಹೋಗೇ" ಎಂದು ಪಕ್ಕದ ಬೆಂಚಿನವಳು ಅಂದಳು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಇಪ್ಪತ್ನಾಲ್ಕು ಪ್ರಶ್ನೆಗಳ ಫಾರ್ಮನ್ನು ಮನೆಗೆ ತಂದೆ. ಅವ್ವ ಒಲೆ ಮುಂದೆ ಕುಳಿತು ಸೌದೆ ಊದುತ್ತಿದ್ದಳು. ನೀವು ದಿನಕ್ಕೆ ಎಷ್ಟು ಹೊತ್ತು ಊಟ ಮಾಡುತ್ತೀರಿ? ಶೌಚಕ್ಕೆ ಎಲ್ಲಿಗೆ ಹೋಗುತ್ತೀರಿ? ಮನೆಯಲ್ಲಿ ಮದ್ಯಪಾನ ಮಾಡುವವರು ಎಷ್ಟು ಮಂದಿ? ನನ್ನ ತಟ್ಟೆಗೆ ಅನ್ನ ಹಾಕುವವಳಿಗೆ ನೀನು ಎಷ್ಟು ಹೊತ್ತು ಉಣ್ಣುತ್ತಿ ಎಂದು ಹೇಗೆ ಕೇಳಲಿ? ಅವಳು ಹೋಗುವ ಪೊದೆಗೇ ನಾನೂ ಹೋಗುವುದು. ಕೇಳಲು ನಾಚಿಕೆಯಾಯಿತು. ಪಕ್ಕದ ಮನೆಗೆ ಹೋಗೋಣವೆಂದರೆ ಅಲ್ಲಿ ಕೆಂಚ ದೊಡ್ಡಪ್ಪ ಇದ್ದ. ಓದಿದ ಹುಡುಗಿ ಬಂದಳು ಎಂದು ಚಾಪೆ ಹಾಸುತ್ತಿದ್ದ. ಫಾರ್ಮನ್ನು ಮಡಿಸಿ ಬ್ಯಾಗಿಗೆ ಹಾಕಿಬಿಟ್ಟೆ.

ವಿದ್ಯಾರ್ಥಿಗಳು ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ, ಪ್ರಾಜೆಕ್ಟುಗಳನ್ನು ಹಾಕುವ ಒಂದು ವೆಬ್‌ಸೈಟು ಇತ್ತು. ದುಡ್ಡು ಕೊಡದವರು ಒಂದು ಹಾಕಿದರೆ ಐದು ತೆಗೆದುಕೊಳ್ಳಬಹುದು. ಕಾಲೇಜಿಗೆ ಕಾಲೇಜೇ ಅದರ ಮೇಲೆ ಪಾಸಾಗುತ್ತಿತ್ತು. ಅಲ್ಲಿ ಬೇರೆ ಯಾವುದೋ ಜಿಲ್ಲೆಯ ಹಾಡಿಯೊಂದರ ವರದಿ ಸಿಕ್ಕಿತು. ಹಾಡಿಯ ಹೆಸರು ತೆಗೆದು ನಮ್ಮ ಎಸ್ಟೇಟಿನ ಹೆಸರು ಹಾಕಿದೆ. ಅಂಕಿಅಂಶಗಳನ್ನು ಹಾಗೇ ಬಿಟ್ಟೆ. ನಮ್ಮ ಲೈನಿನಲ್ಲಿ ಹದಿನಾಲ್ಕು ಮನೆ. ಶೇಕಡ ಎಂಬತ್ತಾರು ಎಂದರೆ ಹನ್ನೆರಡು ಮನೆ, ಲೆಕ್ಕ ಸರಿಯಾಗಿ ಕೂತಿತು. ಯಾವ ಹನ್ನೆರಡು ಮನೆ ಎಂದು ನಾನು ಯೋಚಿಸಲಿಲ್ಲ.

ಒಂದು ವಾಕ್ಯ ಮಾತ್ರ ನನ್ನದೇ. ಓದಿದವರಿಗೆ ನಾನು ಹೊರಗಿನವಳು ಎನಿಸಬೇಕಲ್ಲ, ಅದಕ್ಕೆ ಸೇರಿಸಿದ್ದೆ. 'ಮನೆಗಳ ಒಳಗಿನ ಹೊಗೆ ಮತ್ತು ದುರ್ವಾಸನೆಯಿಂದಾಗಿ ಸಂಶೋಧಕಿಗೆ ಅಲ್ಲಿ ಹೆಚ್ಚು ಹೊತ್ತು ಕುಳಿತುಕೊಳ್ಳಲು ಸಾಧ್ಯವಾಗಲಿಲ್ಲ.' ಅದನ್ನು ಬರೆದದ್ದು ಅವ್ವನ ಒಲೆಯ ಪಕ್ಕದಲ್ಲಿ ಕುಳಿತು. ಅಲ್ಲಿ ಬೆಚ್ಚಗಿತ್ತು.

ನಲವತ್ತಾರು ಅಂಕ ಬಂತು. ಪರೀಕ್ಷೆ ಹತ್ತಿರ ಬಂದಾಗ ನನಗೆ ಐದು ನೋಟ್ಸು ಬೇಕಾಗಿತ್ತು. ಹೆಸರಿರುವ ಮೊದಲ ಎರಡು ಹಾಳೆ ತೆಗೆದು ವರದಿಯನ್ನು ವೆಬ್‌ಸೈಟಿಗೆ ಹಾಕಿದೆ. ಎಸ್ಟೇಟಿನ ಹೆಸರು ಹೊಡೆದು ಹುಡುಕಿದವರಿಗೆಲ್ಲ ಅದು ಸಿಗುತ್ತಿತ್ತು. ನಮ್ಮ ಹದಿನಾಲ್ಕು ಮನೆಯನ್ನು ಐದು ನೋಟ್ಸಿಗೆ ಮಾರಿದ್ದು ಹೀಗೆ.

ಹಾಜರಿಯಲ್ಲಿ ನಂದೀಶ್ ಓದಿದ ದಿನವೇ ಸಂಜೆ ಮೊಬೈಲಿನಲ್ಲಿ ಅದನ್ನು ಅಳಿಸಿದೆ. ಅಳಿಸಿದ ಮೇಲೆ ಹುಡುಕಿದರೆ ಅದೇ ವರದಿ ಇನ್ನೂ ನಾಲ್ಕು ಕಡೆ ಸಿಕ್ಕಿತು. ಯಾರ್ಯಾರೋ ಇಳಿಸಿಕೊಂಡು, ತಮಗೂ ನೋಟ್ಸು ಬೇಕಲ್ಲ, ಮತ್ತೆ ಹಾಕಿದ್ದರು. ಒಂದರಲ್ಲಿ ನಮ್ಮ ಲೈನು ಚಾಮರಾಜನಗರಕ್ಕೆ ಹೋಗಿತ್ತು. ಶೇಕಡ ಎಂಬತ್ತಾರು ಎಲ್ಲೂ ಬದಲಾಗಿರಲಿಲ್ಲ.

ಮರುದಿನ ಕೆಲಸಕ್ಕೆ ಹೋಗದೆ ವಿರಾಜಪೇಟೆಯ ಬಸ್ಸು ಹತ್ತಿದೆ. ತೀರ್ಥಪ್ರಸಾದ್ ಸಾರ್ ಸ್ಟಾಫ್ ರೂಮಿನಲ್ಲಿ ಒಬ್ಬರೇ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದರು. ನಾನು ಮೇಜಿನ ಎದುರು ನಿಂತು, ಸಾರ್, ಹೆಸರು ತೆಗೆದು ನೆಟ್ಟಿಗೆ ಹಾಕಿದ್ದ ನನ್ನ ಪ್ರಾಜೆಕ್ಟನ್ನು ಲೈನಿನವರ ಜಾಗದ ಅರ್ಜಿಗೆ ವಿರುದ್ಧ ಕೊಟ್ಟಿದ್ದಾರೆ, ಅದರ ಅಂಕಿಅಂಶ ಸುಳ್ಳು, ಹಾಗಂತ ಕಾಲೇಜಿನಿಂದ ಒಂದು ಪತ್ರ ಬೇಕು ಅಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಸುಳ್ಳು ಅಂತ ನಿಂಗೆ ಹೇಗೆ ಗೊತ್ತು?"

"ನಾನು ಕೇಳ್ಲೇ ಇಲ್ಲ ಸಾರ್. ಬೇರೆಯವ್ರದ್ದು ನೋಡಿ ಬರ್ದೆ."

"ಅದು ಎಲ್ರೂ ಮಾಡ್ತಾರೆ. ನಂಗೆ ಗೊತ್ತಿಲ್ವಾ? ಈಗ ಎಂತಕ್ಕೆ ಅದೆಲ್ಲ? ಆ ಜನಕ್ಕೂ ನಿಂಗೂ ಎಂತ ಸಂಬಂಧ?"

"ನಾನು ಅದೇ ಲೈನಿನವ್ಳು ಸಾರ್."

ಅವರು ನನ್ನನ್ನು ಮೊದಲ ಸಲ ನೋಡಿದರು. ಮುಖ ನೋಡಿ, ಕಾಲು ನೋಡಿ, ಮತ್ತೆ ಮುಖ ನೋಡಿದರು. ಎರಡೂವರೆ ವರ್ಷದಲ್ಲಿ ಎಷ್ಟೋ ಸಲ ಅದೇ ಕುರ್ಚಿಯಲ್ಲಿ ಕೂರಿಸಿ ಮಾತಾಡಿದ್ದರು. ಆ ದಿನ ಕುರ್ಚಿಯ ಮೇಲಿದ್ದ ಪುಸ್ತಕವನ್ನು ತೆಗೆಯಲಿಲ್ಲ.

"ಹೇಳ್ಲೇ ಇಲ್ಲ ನೀನು," ಅಂದರು. "ನೋಡಿದ್ರೆ ಗೊತ್ತಾಗೋದೂ ಇಲ್ಲ." ಅದು ಮೆಚ್ಚುಗೆ ಎಂದೇ ಅವರು ತಿಳಿದಿದ್ದರು. ನಾಚಿಕೆಗೇಡು ಏನೆಂದರೆ, ಆ ಕ್ಷಣ ನನಗೂ ಒಂಚೂರು ಹಾಗೇ ಅನಿಸಿತು.

ಆಮೇಲೆ ದನಿ ತಗ್ಗಿಸಿದರು. "ನೋಡು ಪವಿತ್ರಾ, ಫೀಲ್ಡ್ ವರ್ಕ್ ಮಾಡಿದೆ ಅಂತ ಸೈನ್ ಹಾಕಿದ್ದು ನೀನು. ಸುಳ್ಳು ಅಂತ ಕಾಗದದ ಮೇಲೆ ಬಂದ್ರೆ ಡಿಬಾರ್ ಮಾಡ್ತಾರೆ. ಇನ್ನೊಂದು ಸೆಮಿಸ್ಟರ್ ಇರೋದು. ನಿಮ್ಮವ್ರಲ್ಲಿ ಡಿಗ್ರಿ ಆದವ್ರು ಎಷ್ಟು ಜನ ಇದ್ದಾರೆ? ನಿನ್ನ ಹೆಸರು ಅದ್ರಲ್ಲಿ ಇಲ್ವಲ್ಲ. ಬಾಯಿ ಮುಚ್ಕೊಂಡು ಇದ್ರೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ನಾನಂತೂ ಹೇಳಲ್ಲ."

ಸೈನು ಅವರದ್ದೂ ಇತ್ತು, ನನ್ನ ಸೈನಿನ ಕೆಳಗೇ. ಅದನ್ನು ನೆನಪು ಮಾಡಿಕೊಡುವ ಧೈರ್ಯ ನನಗೆ ಬರಲಿಲ್ಲ. "ಥ್ಯಾಂಕ್ಯೂ ಸಾರ್" ಅಂದು ಹೊರಗೆ ಬಂದೆ.

ಶುಕ್ರವಾರ ಆಫೀಸರ್ ಕಲ್ಲೇಶಪ್ಪ ಜೀಪಿನಲ್ಲಿ ಬಂದರು. ಪೈಸಾರಿ ಜಾಗಕ್ಕೆ ಇಳಿಯಲಿಲ್ಲ, ಜಿಗಣೆ ಇರುತ್ತದೆ ಅಂದರು. ಜನವರಿಯಲ್ಲಿ ಜಿಗಣೆ! ಎಸ್ಟೇಟ್ ಆಫೀಸಿನ ಜಗಲಿಯಲ್ಲಿ ಅವರಿಗೆ ಕುರ್ಚಿ ಹಾಕಿ, ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಟ್ಟರು. ನಾವು ಅಂಗಳದಲ್ಲಿ ನಿಂತೆವು. ಪಿಕ್ಕಿಂಗಿನಿಂದ ಅರ್ಧ ಗಂಟೆ ಮಾತ್ರ ಬಿಟ್ಟಿದ್ದರು, ಚೀಲಗಳು ಸೊಂಟದಲ್ಲೇ ಇದ್ದವು.

"ನೋಡ್ರಪ್ಪ, ನಂಗೇನೂ ನಿಮ್ಮ ಮೇಲೆ ದ್ವೇಷ ಇಲ್ಲ," ಕಲ್ಲೇಶಪ್ಪ ಫೈಲು ಬಿಡಿಸಿದರು. "ಆದ್ರೆ ಇಲ್ಲಿ ರಿಪೋರ್ಟ್ ಐತೆ. ಓದಿರೋರು ಬಂದು ಸ್ಟಡಿ ಮಾಡಿ ಬರ್ದವ್ರೆ. ನಿಮಗೇ ಮನೆ ಬ್ಯಾಡ ಅಂತೀರಂತೆ. ಕೊಟ್ರೆ ಮಾರ್ಕೊಂಡು ಕುಡಿತೀರಿ. ಹಂಗಾಗಿ ಸದ್ಯಕ್ಕೆ ಅರ್ಜಿ ವಾಪಸ್ ಅಂತ ಒಂದು ಹೆಬ್ಬೆಟ್ಟು ಒತ್ಬಿಡಿ. ಮುಂದೆ ನೋಡಾಣ."

ನಂದೀಶ್ ಶಾಯಿಯ ಪ್ಯಾಡನ್ನು ಮೇಜಿನ ತುದಿಯಲ್ಲಿ ತಂದಿಟ್ಟ. "ಬಾ ಕೆಂಚ. ನೀನೇ ಲೀಡರ್ ಅಲ್ವಾ? ಮೊದ್ಲು ನೀನು ಒತ್ತು."

ದೊಡ್ಡಪ್ಪ ಕದಲಲಿಲ್ಲ. "ನಾವು ಬೇಡ ಅಂದದ್ದು ಯಾರ ಹತ್ರ? ಅವ್ರನ್ನ ಕರೀರಿ. ನನ್ನ ಮುಖ ನೋಡಿ ಹೇಳ್ಲಿ."

"ಅವ್ರೆಲ್ಲ ದೊಡ್ಡವ್ರು. ನಿನ್ನ ಮುಖ ನೋಡ್ಲಿಕ್ಕೆ ಬರ್ತಾರಾ? ಒತ್ತೋ ಬೋಳಿಮಗನೆ, ಕೆಲಸಕ್ಕೆ ಹೊತ್ತಾಯ್ತು."

ಎಪ್ಪತ್ತರ ಹತ್ತಿರದ ದೊಡ್ಡಪ್ಪ ಅಭ್ಯಾಸಬಲದಿಂದ ತಲೆಯ ಟವೆಲ್ಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ಎರಡು ಮೆಟ್ಟಿಲು ಹತ್ತಿದ. ಬೆರಳು ಪ್ಯಾಡಿನ ಹತ್ತಿರ ಬಂತು.

"ನಾನೇ ಬರ್ದದ್ದು," ಅಂದೆ.

ದನಿ ಹೊರಟಿತೋ ಇಲ್ಲವೋ ಎಂದು ಅನುಮಾನವಾಗಿ ಇನ್ನೊಮ್ಮೆ ಅಂದೆ. "ಸಾರ್, ಆ ರಿಪೋರ್ಟ್ ಬರ್ದದ್ದು ನಾನು. ಪವಿತ್ರಾ. ಈ ಮುದ್ದಿಯ ಮಗಳು. ಯಾರನ್ನೂ ಕೇಳ್ಲಿಲ್ಲ. ಬೇರೆ ಊರಿನವ್ರದ್ದು ಕಾಪಿ ಹೊಡೆದು ಮಾರ್ಕ್ಸಿಗೆ ಬರ್ದದ್ದು. ಅದು ಪೂರ್ತಿ ಸುಳ್ಳು."

ಕಲ್ಲೇಶಪ್ಪನವರು ಕಪ್ಪು ಕೆಳಗಿಟ್ಟರು. "ಏನಮ್ಮ, ತಲೆ ಸರಿಗೈತಾ? ಕಾಲೇಜಿಗೆ ಮೋಸ ಮಾಡಿದೀನಿ ಅಂತ ನನ್ನ ಮುಂದೆ ಹೇಳ್ತಾ ಇದೀಯ. ನಾನು ಕಾಲೇಜಿಗೆ ಬರೀಬೇಕಾಗ್ತದೆ."

"ಬರೀರಿ ಸಾರ್. ಅದನ್ನೂ ಬರೀರಿ."

ನಾನು ಮೆಟ್ಟಿಲು ಹತ್ತಿ ಮೇಜಿನ ಮೇಲಿದ್ದ ವರದಿಯನ್ನು ಕೈಗೆ ತೆಗೆದುಕೊಂಡೆ. ನಂದೀಶ್ ಕಸಿಯಲು ಬಂದ. "ಏಯ್ ಮುಂಡೆ, ಎಸ್ಟೇಟಿನ ಕಾಗದ ಅದು, ಇಡು!" ದೊಡ್ಡಪ್ಪ ನಡುವೆ ಬಂದ. ಹೊಡೆಯಲಿಲ್ಲ, ಬಡಿಯಲಿಲ್ಲ. ಸುಮ್ಮನೆ ನಂದೀಶನ ಎದೆಗೆ ಎದೆ ಕೊಟ್ಟು ನಿಂತ. ಅಷ್ಟು ಹತ್ತಿರ ದೊಡ್ಡಪ್ಪ ಯಾವತ್ತೂ ನಿಂತಿರಲಿಲ್ಲ. ನಂದೀಶ್ ಒಂದು ಹೆಜ್ಜೆ ಹಿಂದೆ ಸರಿದ.

"ಓದು," ಅಂದ ದೊಡ್ಡಪ್ಪ. ನನ್ನ ಕಡೆ ತಿರುಗಲಿಲ್ಲ. "ಎಂತೆಲ್ಲ ಬರ್ದಿದ್ದಿ, ಪೂರ್ತಿ ಓದು. ಎಲ್ರಿಗೂ ಕೇಳ್ಲಿ."

ಓದಿದೆ. ವಾರಕ್ಕೊಮ್ಮೆ ಸ್ನಾನ ಎಂದು ಓದಿದೆ.

"ಮೋಟ್ರು ಹಾಕೋದು ವಾರಕ್ಕೊಂದ್ಸಲ," ದೊಡ್ಡಪ್ಪ ಆಫೀಸರಿಗೆ ಹೇಳಿದ. "ಬೇರೆ ದಿನ ಕುಡಿಯೋ ನೀರಿಗೂ ತೋಡಿಗೆ ಹೋಗ್ಬೇಕು, ಅಲ್ಲಿ ಆನೆ ಉಂಟು. ಬರ್ಕೊಳ್ಳಿ."

ಶೇಕಡ ಎಂಬತ್ತಾರು ಎಂದು ಓದಿದೆ. ಅದು ಹನ್ನೆರಡು ಮನೆ ಎಂದು ಬಿಡಿಸಿ ಹೇಳಿದೆ. ನಮ್ಮ ಲೈನಿನ ಕೊನೆಯ ಮನೆಯ ಕುಸುಮಾ, ಬಸುರಿ, ಹಿಂದಿನ ಸಾಲಿನಿಂದ ಮುಂದೆ ಬಂದಳು. ಅವಳಿಗೆ ಅಕ್ಷರ ಕಲಿಸಿದ್ದು ನಾನು.

"ಯಾವ ಹನ್ನೆರಡು ಮನೆ ಪವಿತ್ರಕ್ಕ? ನಂದೂ ಉಂಟಾ ಅದ್ರಲ್ಲಿ?"

ಅವಳು ಉತ್ತರಕ್ಕಾಗಿ ಕಾಯುತ್ತಲೇ ನಿಂತಳು. ನಾನು ಮುಂದಿನ ಸಾಲಿಗೆ ಹೋದೆ. ಹೊಗೆ, ದುರ್ವಾಸನೆ, ಹೆಚ್ಚು ಹೊತ್ತು ಕುಳಿತುಕೊಳ್ಳಲು ಸಾಧ್ಯವಾಗಲಿಲ್ಲ. ಈ ಸಾಲು ನಾನು ಎಲ್ಲಿಂದಲೂ ಕದ್ದದ್ದಲ್ಲ, ಇದು ನನ್ನದೇ ಅಂತಲೂ ಹೇಳಿದೆ. ಯಾರಾದರೂ ನನ್ನ ಮುಖಕ್ಕೆ ಉಗಿದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಒಂದು ಸಾಲನ್ನು ನಾನು ಇಲ್ಲಿಯವರೆಗೂ ನಿಮಗೆ ಹೇಳಿಲ್ಲ. ಹೇಳದೆ ದಾಟಿಸಿಬಿಡಬಹುದು ಎಂದು ನೋಡಿದೆ. ಆ ಅಂಗಳದಲ್ಲೂ ಹಾಗೇ ದಾಟಿಸಲು ಹಾಳೆ ಮಗುಚಿದೆ. ಅವ್ವ ನೋಡಿದಳು. ಅವಳಿಗೆ ಓದು ಬರುವುದಿಲ್ಲ. ಮಗಳ ಮುಖ ಗೊತ್ತಾಗುತ್ತದೆ.

"ಅದನ್ಯಾಕೆ ಬಿಟ್ಟಿ? ಓದು."

"'ಪುರುಷರ ಅಕಾಲ ಮರಣಕ್ಕೆ ಅತಿಯಾದ ಮದ್ಯಪಾನವೇ ಮುಖ್ಯ ಕಾರಣ.'"

ಅಪ್ಪ ಸತ್ತಾಗ ನನಗೆ ಒಂಬತ್ತು ವರ್ಷ. ಮೆಣಸು ಕುಯ್ಯುವಾಗ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿಯ ಮೆಟ್ಟಿಲು ಮುರಿದು ಮೂವತ್ತಡಿಯಿಂದ ಬಿದ್ದ. ಬೆಳಗ್ಗೆ ಒಂಬತ್ತು ಗಂಟೆ, ಬರೀ ಕಾಫಿ ಕುಡಿದು ಹೋದವನು. ಕುಡಿದು ಹತ್ತಿ ಬಿದ್ದ ಅಂತ ಇದೇ ಆಫೀಸಿನವರು ಇದೇ ಮೇಜಿನ ಮೇಲೆ ಕಾಗದ ಮಾಡಿ ಅವ್ವನ ಹೆಬ್ಬೆಟ್ಟು ಹಿಡಿದು ಒತ್ತಿಸಿಕೊಂಡಿದ್ದರು. ಅವ್ವ ಹನ್ನೆರಡು ವರ್ಷ, ಕೇಳಿದವರಿಗೆಲ್ಲ, ಕೇಳದವರಿಗೂ, ಅವನು ಕುಡಿದಿರಲಿಲ್ಲ ಅಂತ ಹೇಳಿಕೊಂಡು ಬಂದಿದ್ದಾಳೆ. ಆ ವಾಕ್ಯವನ್ನು ಕಾಪಿ ಮಾಡುವಾಗ ನನಗೆ ಅಪ್ಪನ ನೆನಪು ಬರಲಿಲ್ಲ ಎಂದರೆ ಸುಳ್ಳು. ಬಂದಿತ್ತು. ವರದಿಯಲ್ಲಿ ಹೀಗೆ ಬರೆಯುವುದೇ ವಾಡಿಕೆ ಎಂದುಕೊಂಡು ಮುಂದೆ ಹೋಗಿದ್ದೆ.

ಅವ್ವ ಕೂಗಾಡಲಿಲ್ಲ. ಸೊಂಟದ ಚೀಲ ಬಿಚ್ಚಿದಳು. ಅಂಗಳ ದಾಟಿ ಹೋಗಿ ಆಫೀಸರ ಜೀಪಿನ ಮುಂದೆ, ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು.

"ನನ್ನ ಗಂಡ ಕುಡೀಲಿಲ್ಲ. ಏಣಿ ಮುರಿದದ್ದು," ಅಂದಳು. "ಬರ್ಕೊಳ್ಳಿ. ಬರ್ಕೊಳ್ಳೋವರೆಗೆ ನೀವು ಹೋಗೋದು ಬೇಡ ಸಾಮಿ."

"ಏಳಮ್ಮ, ಅದೆಲ್ಲ ನಮ್ಮ ಇಲಾಖೆಗೆ ಬರಲ್ಲ. ನಾನು ನಿವೇಶನಕ್ಕೆ ಬಂದಿರೋದು ಕಣಮ್ಮ."

"ಮನೆ ಬೇಕು. ಅದನ್ನೂ ಬರ್ಕೊಳ್ಳಿ."

ಕುಸುಮಾ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಅವ್ವನ ಪಕ್ಕ ಕುಳಿತಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಹೆಂಗಸರು, ಆಮೇಲೆ ಗಂಡಸರು. ಮೇಸ್ತ್ರಿ ಕೂಗಿದ. ಪೊಲೀಸಿಗೆ ಫೋನ್ ಮಾಡುತ್ತೇನೆಂದು ನಂದೀಶ್ ಮೊಬೈಲ್ ಎತ್ತಿಕೊಂಡು ಸಿಗ್ನಲ್ಲು ಹುಡುಕುತ್ತ ಕಣದ ಕಡೆ ಓಡಿದ. ಕಲ್ಲೇಶಪ್ಪನವರು ಜೀಪಿನ ಸುತ್ತ ಒಂದು ಸಲ ನೋಡಿ, ಹಿಂದೆ ಹೋಗಲೂ ದಾರಿಯಿಲ್ಲವೆಂದು ಖಾತ್ರಿಯಾದ ಮೇಲೆ ಕುರ್ಚಿಗೆ ಬಂದು ಕುಳಿತು ಪೆನ್ನು ತೆಗೆದರು. "ಓದಮ್ಮ, ಯಾವ ಪುಟ?" ಅಂದರು ಸಿಡುಕಿನಿಂದ. ಬರೆಯುತ್ತಾರೋ ಪೊಲೀಸರು ಬರುವವರೆಗೆ ಹೊತ್ತು ಕಳೆಯುತ್ತಾರೋ ನನಗೆ ತಿಳಿಯಲಿಲ್ಲ.

ನಾನು ವರದಿ ಹಿಡಿದುಕೊಂಡು ಮೆಟ್ಟಿಲಿಳಿದು ಅವ್ವನ ಹತ್ತಿರ ಹೋದೆ. ಅವಳ ಒಂದು ಪಕ್ಕ ಜಾಗ ಖಾಲಿಯಿತ್ತು. ಕೂರಲು ಬಗ್ಗಿದೆ.

"ಇಲ್ಲಿ ಕೂರ್ಬೇಡ," ಅಂದಳು ಅವ್ವ. ನಮ್ಮ ಮಾತಿನಲ್ಲಲ್ಲ, ಆಫೀಸರಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಿದಳು. "ಅಲ್ಲಿ ನಿಂತ್ಕೊಂಡು ಓದು."

ನಾನು ನಿಂತೆ. ಇನ್ನೂ ಒಂಬತ್ತು ಪುಟಗಳಿದ್ದವು.